ಕರೆಂಟ್ ಬಂದರೂ ಕಂಟ್ರೋಲರ್ ಏಳದಿದ್ದರೆ ಆ ಒಂದು ಸಾಲು ನೋಡಿ

ಎರಡು ವರ್ಷದ ಹಿಂದೆ, ಏಪ್ರಿಲ್ ಕೊನೆಯ ವಾರ. ಸಂಜೆ ಗಾಳಿ ಮಳೆ ಬಂತು, ಕರೆಂಟ್ ಹೋಯ್ತು. ರಾತ್ರಿ ಯಾವಾಗಲೋ ವಾಪಸ್ ಬಂತು. ಮರುದಿನ ಬೆಳಗ್ಗೆ ಐದಕ್ಕೇ ನಾನು ನೆಂಟರ ಮದುವೆಗೆ ಹೊರಟುಬಿಟ್ಟೆ. ಪಾಲಿಹೌಸ್ ಕಡೆ ತಲೆ ಹಾಕಲಿಲ್ಲ. ಕಂಟ್ರೋಲರ್ ಇದೆಯಲ್ಲ, ಟೈಮಿಗೆ ಸರಿಯಾಗಿ ಫಾಗರ್ ಓಡಿಸುತ್ತೆ ಅನ್ನೋ ಧೈರ್ಯ. ಮಧ್ಯಾಹ್ನ ಮೂರಕ್ಕೆ ಬಂದು ನೋಡಿದರೆ 60 ಟ್ರೇ ದಪ್ಪ ಮೆಣಸಿನಕಾಯಿ ಸಸಿ ತಲೆ ಬಗ್ಗಿಸಿ ಮಲಗಿದ್ದವು. ಒಂದೊಂದು ಟ್ರೇಗೆ 98 ಸಸಿ. ಕೋಕೋಪೀಟ್ ಒಣಗಿ ಗುಳಿಯ ಅಂಚು ಬಿಟ್ಟಿತ್ತು. ನೀರು ಚಿಮುಕಿಸಿ ಉಳಿಸಿಕೊಂಡಿದ್ದು ಕಾಲು ಭಾಗ ಇರಬಹುದು.

ಕಂಟ್ರೋಲರ್ ಬಾಕ್ಸ್ ತೆಗೆದರೆ ಕೆಂಪು ದೀಪ ಉರೀತಾ ಇತ್ತು. ಅಂದರೆ ಕರೆಂಟ್ ಇದೆ. ಪಕ್ಕದ ಹಸಿರು ದೀಪ ಮಾತ್ರ ಮಿಣುಕ್ತಾ ಇರಲಿಲ್ಲ. ಬಾಕ್ಸ್ ಜೋಡಿಸಿ ಕೊಟ್ಟವರಿಗೆ ಫೋನ್ ಮಾಡಿದೆ. ‘ಕಾರ್ಡ್ ಹೋಗಿರಬೇಕು ಸರ್, ಹೊಸದು ಹಾಕಿ ಎಲ್ಲ ಮತ್ತೆ ಲೋಡ್ ಮಾಡಬೇಕು, ಮುಂದಿನ ವಾರ ಬರ್ತೀವಿ’ ಅಂದರು. ಮುಂದಿನ ವಾರದವರೆಗೆ ಸಸಿ ಕಾಯುತ್ತಾ? ಬಾಕ್ಸ್ ಬಿಚ್ಚಿ ಮನೆಗೆ ತಂದು ಟಿವಿಗೆ ಹೆಚ್‌ಡಿಎಂಐ ಕೇಬಲ್ ಹಾಕಿ ನೋಡಿದೆ. ಕಾರ್ಡ್ ಹೋಗಿರಲಿಲ್ಲ. ಕಾರ್ಡಿನಲ್ಲಿದ್ದ ಒಂದು ಸಾಲು ತಪ್ಪಿತ್ತು. ಅದನ್ನು ಸರಿ ಮಾಡೋಕೆ ಹಿಡಿದಿದ್ದು ಐದು ನಿಮಿಷ.

ಆ ಸಾಲಿನ ಬಗ್ಗೆಯೇ ಈ ವಾರದ ಲೇಖನ. ರಾಸ್ಪ್‌ಬೆರಿ ಪೈ, ಆರೆಂಜ್ ಪೈ, ಬೀಗಲ್‌ಬೋನ್ ಥರದ ಲಿನಕ್ಸ್ ಓಡುವ ಬೋರ್ಡ್ ಇಟ್ಟು ಡ್ರಿಪ್, ಫಾಗರ್, ವೆದರ್ ಸ್ಟೇಷನ್ ನಡೆಸುವವರಿಗೆ ಇದು ಬೇಕು. ನಿಮ್ಮ ಬಾಕ್ಸಿನಲ್ಲಿ ಇರೋದು ಬರೀ ಇಎಸ್‌ಪಿ32 ಅಥವಾ ಆರ್ಡುಯಿನೋ ಆದರೆ ಇದು ನಿಮಗೆ ಸಂಬಂಧಿಸಿದ್ದಲ್ಲ. ಅದರಲ್ಲಿ ಈ ರೀತಿ ಸಾಲು ಓದುವ ಕರ್ನಲ್ ಇರೋದಿಲ್ಲ.

ಕರ್ನಲ್‌ಗೆ ಕೊಡುವ ಚೀಟಿ

ಬೋರ್ಡಿಗೆ ಕರೆಂಟ್ ಬಂದ ಕೂಡಲೇ ಲಿನಕ್ಸ್ ಶುರುವಾಗಲ್ಲ. ಮೊದಲು ಏಳೋದು ಬೂಟ್‌ಲೋಡರ್ ಅನ್ನೋ ಸಣ್ಣ ಪ್ರೋಗ್ರಾಂ. ಅದರ ಕೆಲಸ ಕರ್ನಲನ್ನು, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳನ್ನು, ಕಾರ್ಡಿನಿಂದ ಎತ್ತಿ ಮೆಮೊರಿಗೆ ಹಾಕಿ, ‘ಇನ್ನು ನೀನು ನೋಡ್ಕೋ’ ಅಂತ ಬಿಟ್ಟು ಹೋಗೋದು. ಹೋಗುವ ಮುಂಚೆ ಕೈಗೆ ಒಂದು ಚೀಟಿ ಕೊಡುತ್ತೆ. ಚೀಟಿಯಲ್ಲಿ ಇರೋದು ಒಂದೇ ಸಾಲು. ಅದರಲ್ಲಿರೋ ಪದಗಳಿಗೇ ಬೂಟ್ ಆರ್ಗ್ಯುಮೆಂಟ್ ಅಂತ ಹೆಸರು.

ಚೀಟಿ ಯಾಕೆ ಬೇಕು? ಹೊಸದಾಗಿ ತೋಟಕ್ಕೆ ಬಂದ ಆಳನ್ನು ನೆನಪಿಸಿಕೊಳ್ಳಿ. ಕೆಲಸ ಚೆನ್ನಾಗಿ ಗೊತ್ತು, ಆದರೆ ಈ ತೋಟ ಗೊತ್ತಿಲ್ಲ. ಸಾಮಾನಿನ ಕೋಣೆ ಯಾವುದು, ಏನಾದರೂ ಆದರೆ ಯಾರಿಗೆ ಹೇಳಬೇಕು, ಕೋಣೆ ಬಾಗಿಲು ತೆಗೆದಿಲ್ಲದಿದ್ದರೆ ಕಾಯಬೇಕಾ ವಾಪಸ್ ಹೋಗಬೇಕಾ, ಇದನ್ನೆಲ್ಲ ಬಾಗಿಲಲ್ಲಿದ್ದವರೇ ಹೇಳಬೇಕು. ಕರ್ನಲ್ ಪರಿಸ್ಥಿತಿಯೂ ಇದೇ. ಅದೇ ಕರ್ನಲ್ ನನ್ನ ಪಾಲಿಹೌಸಿನಲ್ಲೂ ಓಡುತ್ತೆ, ಯಾರದೋ ಮನೆಯ ಟಿವಿ ಬಾಕ್ಸಿನಲ್ಲೂ ಓಡುತ್ತೆ. ತನ್ನ ಉಳಿದ ಫೈಲುಗಳೆಲ್ಲ ಎಸ್‌ಡಿ ಕಾರ್ಡಿನಲ್ಲಿವೆಯೋ, ಯುಎಸ್‌ಬಿ ಡಿಸ್ಕಿನಲ್ಲಿವೆಯೋ ಅನ್ನೋದು ಅದಕ್ಕೆ ಹುಟ್ಟುತ್ತಲೇ ತಿಳಿದಿರಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಲಿನಕ್ಸಿನ ಬಹಳಷ್ಟು ಸೆಟ್ಟಿಂಗ್‌ಗಳು ಅದರ ಫೈಲುಗಳ ಒಳಗೇ ಇರುತ್ತವೆ. ಆದರೆ ಆ ಫೈಲುಗಳು ಇರುವ ಡಿಸ್ಕ್ ಎಲ್ಲಿದೆ ಅನ್ನೋದನ್ನು ಅದೇ ಡಿಸ್ಕಿನಲ್ಲಿ ಬರೆದಿಟ್ಟರೆ ಏನು ಉಪಯೋಗ? ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಹಾಕಿ ಬೀಗ ಜಡಿದ ಹಾಗೆ. ಅದಕ್ಕೇ ಈ ಮಾತು ಹೊರಗಿನಿಂದ, ಚೀಟಿಯಲ್ಲೇ ಬರಬೇಕು.

ರಾಸ್ಪ್‌ಬೆರಿ ಪೈನಲ್ಲಿ ಚೀಟಿ ಇರೋದು ಎಸ್‌ಡಿ ಕಾರ್ಡಿನ ಮೊದಲನೇ ಭಾಗದಲ್ಲಿ, ‘ಸಿಎಂಡಿಲೈನ್’ ಅನ್ನೋ ಟೆಕ್ಸ್ಟ್ ಫೈಲಿನಲ್ಲಿ. ಬೋರ್ಡಿನ ಫರ್ಮ್‌ವೇರ್ ಆ ಸಾಲನ್ನು ಓದಿ ‘ಡಿವೈಸ್ ಟ್ರೀ’ ಅನ್ನೋ ಪಟ್ಟಿಯೊಳಗೆ ಸೇರಿಸುತ್ತೆ. ಬೋರ್ಡಿನಲ್ಲಿ ಏನೇನು ಚಿಪ್ ಇದೆ, ಯಾವ ವಿಳಾಸದಲ್ಲಿದೆ ಅನ್ನೋ ದಾಸ್ತಾನು ಪಟ್ಟಿ ಅದು. ಅದರಲ್ಲಿ ‘ಚೋಸನ್’ ಅನ್ನೋ ಒಂದು ಜಾಗ, ಆ ಜಾಗದಲ್ಲಿ ‘ಬೂಟ್‌ಆರ್ಗ್ಸ್’ ಅನ್ನೋ ಕಲಂ. ಸಾಲು ಕೂರೋದು ಅಲ್ಲಿ. ಆಮೇಲೆ ಪಟ್ಟಿ ಮೆಮೊರಿಯಲ್ಲಿ ಎಲ್ಲಿದೆ ಅನ್ನೋ ವಿಳಾಸವನ್ನು ಪ್ರೊಸೆಸರಿನ ಒಂದು ರಿಜಿಸ್ಟರಿನಲ್ಲಿಟ್ಟು ಕರ್ನಲ್ಲಿಗೆ ಜಿಗಿಯುತ್ತೆ. 32 ಬಿಟ್ ಆರ್ಮ್ ಆದರೆ ಆರ್2 ರಿಜಿಸ್ಟರು, 64 ಬಿಟ್ ಆದರೆ ಎಕ್ಸ್0. ಕರ್ನಲ್ ಕಣ್ಣು ಬಿಟ್ಟ ಕೂಡಲೇ ಅಲ್ಲಿ ಹುಡುಕುತ್ತೆ. ಡಿವೈಸ್ ಟ್ರೀ ಬರೋಕೆ ಮುಂಚಿನ ಆರ್ಮ್ ಬೋರ್ಡುಗಳಲ್ಲಿ ‘ಎಟ್ಯಾಗ್’ ಅಂತ ಬೇರೆ ಪಟ್ಟಿ ಇತ್ತು. ಈಗ ಅದು ಹಳೇ ಸರಕಿನಲ್ಲಿ ಮಾತ್ರ ಸಿಗುತ್ತೆ, ತಲೆಕೆಡಿಸಿಕೊಳ್ಳೋದು ಬೇಡ.

ಇಂಟರ್‌ನೆಟ್, ಆ್ಯಪ್ ಯಾವುದೂ ಇದರಲ್ಲಿ ಇಲ್ಲ. ಕಾರ್ಡಿನಲ್ಲಿ ಬರೆದ ಒಂದು ಸಾಲು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತೆ, ಅಷ್ಟೇ. ಕಾರ್ಡ್ ನಿಮ್ಮ ಕೈಯಲ್ಲಿದ್ದರೆ ಸಾಲೂ ನಿಮ್ಮದೇ.

ನನ್ನ ಬಾಕ್ಸಿನಲ್ಲಿ ಏನಾಗಿತ್ತು

ಟಿವಿಯಲ್ಲಿ ಕಂಡ ಕೊನೆ ಸಾಲು ‘ಕರ್ನಲ್ ಪ್ಯಾನಿಕ್’ ಅಂತ ಶುರುವಾಗಿ, ರೂಟ್ ಫೈಲ್ ಸಿಸ್ಟಂ ಮೌಂಟ್ ಮಾಡೋಕಾಗ್ತಿಲ್ಲ ಅಂತ ಮುಗಿದಿತ್ತು. ಅದರ ಮೇಲಿನ ಸಾಲು ಇನ್ನೂ ಸ್ಪಷ್ಟ: ದಯವಿಟ್ಟು ಸರಿಯಾದ ‘ರೂಟ್=’ ಬೂಟ್ ಆಪ್ಷನ್ ಕೊಡಿ, ನನಗೆ ಕಾಣ್ತಿರೋ ಡಿಸ್ಕುಗಳು ಇವು ಅಂತ ಒಂದು ಪಟ್ಟಿ. ಪಟ್ಟಿಯಲ್ಲಿ ಎಸ್‌ಡಿ ಕಾರ್ಡ್ ಇತ್ತು. ಯುಎಸ್‌ಬಿ ಹಾರ್ಡ್ ಡಿಸ್ಕ್ ಇರಲಿಲ್ಲ.

ನನ್ನ ಬಾಕ್ಸಿನಲ್ಲಿ ಎಸ್‌ಡಿ ಕಾರ್ಡ್ ಬೇಗ ಹಾಳಾಗದಿರಲಿ ಅಂತ ಲಿನಕ್ಸಿನ ಫೈಲುಗಳನ್ನೆಲ್ಲ ಹಳೇ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿಗೆ ಹಾಕಿ, ಬೇರೆ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ಬಿಗೆ ಸಿಕ್ಕಿಸಿದ್ದರು. ಯೋಚನೆ ಒಳ್ಳೇದೇ. ಆದರೆ ಚೀಟಿಯಲ್ಲಿ ‘ರೂಟ್‌ಡಿಲೇ=5’ ಅಂತ ಬರೆದಿದ್ದರು. ಅಂದರೆ ಐದು ಸೆಕೆಂಡ್ ಕಾದು ಡಿಸ್ಕ್ ಹುಡುಕು ಅಂತ. ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ತಿರುಗಬೇಕು. ನಿಂತ ತಟ್ಟೆ ವೇಗ ಹಿಡಿಯೋಕೆ ಕೆಲವು ಸೆಕೆಂಡ್ ಬೇಕು. ಅಡಾಪ್ಟರ್ ಸ್ವಲ್ಪ ದುರ್ಬಲ ಇದ್ದರೆ ಇನ್ನೂ ಹೆಚ್ಚು. ಐದು ಸೆಕೆಂಡಿಗೆ ಕರ್ನಲ್ ನೋಡ್ತು, ಡಿಸ್ಕ್ ಇಲ್ಲ, ಕೈಚೆಲ್ಲಿತು.

ಹಾಗಾದರೆ ಜೋಡಿಸುವಾಗ ಹೇಗೆ ಸರಿಯಾಗಿತ್ತು? ಅವರು ಪರೀಕ್ಷೆ ಮಾಡಿದ್ದು ರೀಬೂಟ್ ಆದೇಶ ಕೊಟ್ಟು. ನನ್ನ ಎದುರಿಗೇ ನಾಲ್ಕೈದು ಸಲ ಮಾಡಿ ತೋರಿಸಿದ್ದರು. ರೀಬೂಟ್ ಮಾಡಿದಾಗ ಹಬ್ಬಿಗೆ ಕರೆಂಟ್ ಹೋಗಲ್ಲ, ತಟ್ಟೆ ತಿರುಗ್ತಾನೇ ಇರುತ್ತೆ, ಕೇಳಿದ ಕೂಡಲೇ ಡಿಸ್ಕ್ ಹಾಜರ್. ನಿಜವಾಗಿ ಲೈನ್ ಹೋಗಿ ಬಂದಾಗ ಮಾತ್ರ ತಟ್ಟೆ ನಿಂತಲ್ಲಿಂದ ಶುರುವಾಗಬೇಕು. ನಮ್ಮೂರಲ್ಲಿ ಕರೆಂಟ್ ಹೋಗೋದು ಹಾಗೇ ತಾನೇ? ಕೆಲವು ಸಲ ಐದು ಸೆಕೆಂಡಿನೊಳಗೇ ಸಿಕ್ಕಿರಬೇಕು, ಅದಕ್ಕೇ ಅಷ್ಟು ತಿಂಗಳು ಓಡಿದೆ. ಆ ರಾತ್ರಿ ಸಿಗಲಿಲ್ಲ.

ಇದಕ್ಕೆ ಮದ್ದು ‘ರೂಟ್‌ವೇಟ್’ ಅನ್ನೋ ಒಂದು ಪದ. ರೂಟ್, ವೇಟ್ ಎರಡನ್ನೂ ಅಂಟಿಸಿ ಬರೀಬೇಕು, ನಡುವೆ ಜಾಗ ಇರಬಾರದು. ಗಡಿಯಾರ ನೋಡಬೇಡ, ಡಿಸ್ಕ್ ಬರೋವರೆಗೆ ಕಾಯಿ ಅಂತ ಅದರ ಅರ್ಥ. ರಾಸ್ಪ್‌ಬೆರಿ ಪೈ ಓಎಸ್‌ನ ಮೂಲ ಸಾಲಿನಲ್ಲಿ ಈ ಪದ ಇದ್ದೇ ಇರುತ್ತೆ. ನನ್ನದರಲ್ಲಿ ಅದನ್ನು ತೆಗೆದು ಡಿಲೇ ಹಾಕಿದ್ದರು. ಯಾಕೆ ಅಂತ ಕೇಳಿದರೆ ಉತ್ತರ ಬರಲಿಲ್ಲ, ಬಿಡಿ.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು ಅಂತ ನನ್ನ ಅಭಿಪ್ರಾಯ. ಪ್ಯಾನಿಕ್ ಆದ ಕರ್ನಲ್ ಬೆಳಗ್ಗೆಯಿಂದ ಮಧ್ಯಾಹ್ನದವರೆಗೂ ಹಾಗೇ ನಿಂತಿತ್ತು. ಯಾರೂ ಬೇರೆ ಹೇಳದಿದ್ದರೆ ಅದು ಹಾಗೇ ನಿಲ್ಲುತ್ತೆ, ಯಾರಾದರೂ ಬಂದು ಪರದೆ ನೋಡಲಿ ಅಂತ. ಆಫೀಸಿನ ಕಂಪ್ಯೂಟರಿಗೆ ಇದು ಸರಿ. ಪರದೆಯೇ ಇಲ್ಲದ, ಹೊಲದ ಮೂಲೆಯ ಬಾಕ್ಸಿಗೆ ಇದು ಸಾವು. ‘ಪ್ಯಾನಿಕ್=10’ ಅಂತ ಚೀಟಿಗೆ ಸೇರಿಸಿದರೆ ಹತ್ತು ಸೆಕೆಂಡ್ ಕಾದು ತಾನೇ ರೀಬೂಟ್ ಆಗುತ್ತೆ. ಪಿ-ಎ-ಎನ್-ಐ-ಸಿ, ಈಕ್ವಲ್ ಗುರುತು, 10. ಆ ರಾತ್ರಿ ಈ ಒಂದೇ ಪದ ಇದ್ದಿದ್ದರೂ ಸಾಕಿತ್ತು. ಮೊದಲನೇ ಸಲ ಡಿಸ್ಕ್ ಸಿಗದೆ ಬಿದ್ದರೂ, ಎರಡನೇ ಸಲಕ್ಕೆ ತಟ್ಟೆ ತಿರುಗ್ತಾ ಇರ್ತಿತ್ತು, ಆರು ಗಂಟೆ ಫಾಗರ್ ಆರು ಗಂಟೆಗೇ ಓಡ್ತಿತ್ತು.

ಇದೇ ಸೆಟ್ಟಿಂಗನ್ನು ಲಿನಕ್ಸ್ ಒಳಗಿನ ‘ಸಿಸ್‌ಸಿಟಿಎಲ್’ ಫೈಲಿನಲ್ಲೂ ಹಾಕಬಹುದು, ಬಹಳ ಕಡೆ ಹಾಗೇ ಹೇಳಿಕೊಡ್ತಾರೆ. ಆದರೆ ಆ ಫೈಲ್ ಇರೋದು ಡಿಸ್ಕಿನೊಳಗೆ. ಡಿಸ್ಕೇ ಸಿಗದಾಗ ಅದನ್ನು ಓದೋರು ಯಾರು? ನನ್ನಂಥ ಕೇಸಿಗೆ ಚೀಟಿಯಲ್ಲಿ ಬರೆದದ್ದು ಮಾತ್ರ ಕೆಲಸ ಮಾಡುತ್ತೆ.

ಎರಡೂ ಪದ ಹಾಕಿದಾಗ ಒಂದು ತೊಡಕಿದೆ. ಬರೀ ‘ರೂಟ್‌ವೇಟ್’ ಇದ್ದರೆ, ಡಿಸ್ಕ್ ನಿಜವಾಗಿ ಸತ್ತಿದ್ದರೆ ಅಥವಾ ಕೇಬಲ್ ಕಳಚಿದ್ದರೆ ಕರ್ನಲ್ ಕಾಯ್ತಾನೇ ಕೂರುತ್ತೆ. ಪ್ಯಾನಿಕ್ ಆಗೋದೇ ಇಲ್ಲ, ರೀಬೂಟೂ ಇಲ್ಲ. ಈಚಿನ ಕರ್ನಲ್‌ಗಳಲ್ಲಿ ‘ರೂಟ್‌ವೇಟ್=60’ ಅಂತ ಬರೆಯೋ ಸೌಲಭ್ಯ ಇದೆ, ಅರವತ್ತು ಸೆಕೆಂಡ್ ಕಾದು ಆಮೇಲೆ ಕೈಬಿಡುತ್ತೆ. ಅದರ ಜೊತೆ ಪ್ಯಾನಿಕ್=10 ಇದ್ದರೆ ಮತ್ತೆ ಮತ್ತೆ ಪ್ರಯತ್ನ ಮಾಡ್ತಾ ಇರುತ್ತೆ. ಹಳೇ ಕರ್ನಲ್ ಅಂಕಿ ಇರುವ ರೂಪವನ್ನು ಗುರುತಿಸೋದೇ ಇಲ್ಲ, ಕಾಯೋದೂ ಇಲ್ಲ. ನಿಮ್ಮದು ಯಾವುದು ಅಂತ ಗೊತ್ತಿಲ್ಲದಿದ್ದರೆ ಅಂಕಿ ಬೇಡ, ಬರೀ ಪದ ಇರಲಿ.

ಜಿಎಸ್‌ಎಂ ಮಾಡ್ಯೂಲ್ ಹುಚ್ಚು ಹಿಡಿದಾಗ

ಆ ಘಟನೆ ಆದ ಮೇಲೆ ಸುತ್ತಮುತ್ತಲಿನ ಹುಡುಗರು ತಮ್ಮ ಬಾಕ್ಸ್ ತೋರಿಸೋಕೆ ಶುರು ಮಾಡಿದರು. ಅದರಲ್ಲಿ ಹೆಚ್ಚು ಸಲ ಕಂಡದ್ದು ಇದು: ಮೋಟರ್ ಆನ್ ಆದಾಗ ಎಸ್‌ಎಂಎಸ್ ಬರಲಿ ಅಂತ ಪೈನ ಸೀರಿಯಲ್ ಪಿನ್ನುಗಳಿಗೆ ಜಿಎಸ್‌ಎಂ ಮಾಡ್ಯೂಲ್ ಹಾಕಿರ್ತಾರೆ. ಬರೆದ ಪ್ರೋಗ್ರಾಂ ಸರಿ ಇರುತ್ತೆ, ಸಿಮ್ ಸರಿ ಇರುತ್ತೆ, ಆದರೂ ಮಾಡ್ಯೂಲ್ ಏನೇನೋ ಎರರ್ ಕೊಡುತ್ತೆ.

ಚೀಟಿ ನೋಡಿದರೆ ಅಲ್ಲಿ ‘ಕನ್ಸೋಲ್=ಸೀರಿಯಲ್0,115200’ ಅಂತ ಇರುತ್ತೆ. ನಿನಗೇನಾದರೂ ಹೇಳೋದಿದ್ದರೆ ಈ ಸೀರಿಯಲ್ ಪಿನ್ನಿನಲ್ಲಿ ಹೇಳು, ವೇಗ 115200 ಅಂತ ಕರ್ನಲ್ಲಿಗೆ ಕೊಟ್ಟ ಆದೇಶ ಅದು. ಇಂಜಿನಿಯರುಗಳು ಕೇಬಲ್ ಹಾಕಿ ಓದೋಕೆ ಅನುಕೂಲ ಆಗಲಿ ಅಂತ ಇಟ್ಟದ್ದು. ಆದರೆ ಅದೇ ಪಿನ್ನಿನ ತುದಿಯಲ್ಲಿ ನೀವು ಜಿಎಸ್‌ಎಂ ಕೂರಿಸಿದ್ದೀರಿ. ಬೂಟ್ ಆಗುವಾಗ ಕರ್ನಲ್ ಆಡುವ ನೂರಾರು ಸಾಲು ಮಾತು ಅದರ ಕಿವಿಗೇ ಹೋಗುತ್ತೆ. ಆಮೇಲೆ ಅದೇ ಪಿನ್ನಿನಲ್ಲಿ ಲಾಗಿನ್ ಕೇಳುವ ಪ್ರೋಗ್ರಾಂ ಬೇರೆ ಕೂರುತ್ತೆ. ಜಿಎಸ್‌ಎಂ ಕೊಟ್ಟ ಉತ್ತರವನ್ನು ಅದು ಯಾರದೋ ಹೆಸರು ಅಂದ್ಕೊಂಡು ಪಾಸ್‌ವರ್ಡ್ ಕೇಳುತ್ತೆ! ಇಬ್ಬರು ಕಿವುಡರ ಸಂಭಾಷಣೆ.

ಆ ಒಂದು ಪದ ಅಳಿಸಿ, ಪಕ್ಕದ ‘ಕನ್ಸೋಲ್=ಟಿಟಿವೈ1’ ಅನ್ನೋದನ್ನು ಹಾಗೇ ಬಿಡಿ, ಟಿವಿ ಹಾಕಿದಾಗ ಬೇಕಾಗುತ್ತೆ. ಕೈಯಲ್ಲಿ ಮಾಡೋಕೆ ಹೆದರಿಕೆ ಆದರೆ ‘ರಾಸ್ಪಿ-ಕಾನ್ಫಿಗ್’ ಮೆನುವಿನಲ್ಲಿ ಸೀರಿಯಲ್ ಪೋರ್ಟ್‌ಗೆ ಹೋಗಿ. ಲಾಗಿನ್ ಶೆಲ್ ಬೇಕಾ ಅಂದರೆ ಬೇಡ, ಹಾರ್ಡ್‌ವೇರ್ ಬೇಕಾ ಅಂದರೆ ಬೇಕು ಅನ್ನಿ. ಅದೂ ಕೊನೆಗೆ ಮಾಡೋದು ಇದೇ ಸಾಲು ತಿದ್ದೋ ಕೆಲಸ. ಸೀರಿಯಲ್ ಪಿನ್ನಿಗೆ ಮಣ್ಣಿನ ತೇವಾಂಶದ ಆರ್‌ಎಸ್-485 ಸೆನ್ಸರ್ ಹಾಕಿದವರಿಗೂ ಇದೇ ಉತ್ತರ.

ತಿದ್ದೋದು ಹೇಗೆ

ಕಾರ್ಡಿನ ಮೊದಲ ಭಾಗ ಫ್ಯಾಟ್ ಮಾದರಿಯದು, ಹಾಗಾಗಿ ಯಾವ ಲ್ಯಾಪ್‌ಟಾಪಿನಲ್ಲೂ, ಒಟಿಜಿ ಕಾರ್ಡ್ ರೀಡರ್ ಹಾಕಿದರೆ ಆಂಡ್ರಾಯ್ಡ್ ಫೋನಿನಲ್ಲೂ ತೆರೆಯುತ್ತೆ. ನಾನು ಈಗ ತೋಟದಲ್ಲೇ ಫೋನಿನಲ್ಲಿ ತಿದ್ದೋದು. ಕಾರ್ಡಿನ ಎರಡನೇ ಭಾಗ ಫೋನಿಗೂ ವಿಂಡೋಸಿಗೂ ಅರ್ಥ ಆಗಲ್ಲ. ‘ಇದು ಹಾಳಾಗಿದೆ, ಫಾರ್ಮ್ಯಾಟ್ ಮಾಡಲಾ?’ ಅಂತ ಕೇಳಬಹುದು. ಅಪ್ಪಿತಪ್ಪಿಯೂ ಹೂಂ ಅನ್ನಬೇಡಿ. ಚೆನ್ನಾಗಿದ್ದ ಕಾರ್ಡ್ ನಿಮ್ಮ ಕೈಯಾರೆ ಹೋಗುತ್ತೆ.

ಮುಟ್ಟುವ ಮುಂಚೆ ಫೈಲನ್ನು ಬೇರೆ ಹೆಸರಿನಲ್ಲಿ ಒಂದು ಕಾಪಿ ಮಾಡಿ, ಸಾಲಿನ ಫೋಟೋನೂ ತೆಗೆದಿಟ್ಟುಕೊಳ್ಳಿ. ನಾನು ಇಲ್ಲಿ ಓದೋಕೆ ಅನುಕೂಲ ಆಗಲಿ ಅಂತ ಕನ್ನಡದಲ್ಲಿ ಬರೆದಿದ್ದೀನಿ, ಫೈಲಿನಲ್ಲಿ ಇರೋದು ಇಂಗ್ಲಿಷ್, ನೀವು ಸೇರಿಸೋ ಈ ಪದಗಳೆಲ್ಲ ಸಣ್ಣಕ್ಷರ. ಪದಕ್ಕೂ ಪದಕ್ಕೂ ನಡುವೆ ಒಂದು ಜಾಗ. ಈಕ್ವಲ್ ಗುರುತಿನ ಆಚೀಚೆ ಜಾಗ ಇಲ್ಲ. ಮುಖ್ಯವಾಗಿ ಎಲ್ಲ ಒಂದೇ ಸಾಲಿನಲ್ಲಿ ಇರಬೇಕು. ಹೊಸ ಪದ ಸೇರಿಸುವಾಗ ಎಂಟರ್ ಒತ್ತಿ ಕೆಳಗಿನ ಸಾಲಿನಲ್ಲಿ ಬರೆಯೋದು ಎಲ್ಲರೂ ಮಾಡೋ ತಪ್ಪು. ಎರಡನೇ ಸಾಲು ಕರ್ನಲ್ಲಿಗೆ ತಲುಪೋದೇ ಇಲ್ಲ. ಫೋನಿನಲ್ಲಿ ಸಾಲು ಉದ್ದವಾಗಿ ತಾನೇ ಮಡಚಿಕೊಂಡು ಕಾಣುತ್ತೆ, ಅದು ಬೇರೆ ಸಾಲು ಅಲ್ಲ, ಗಾಬರಿ ಬೇಡ.

‘ರೂಟ್=’ ಮುಂದೆ ‘ಪಾರ್ಟ್‌ಯುಯುಐಡಿ’ ಅಂತ ಉದ್ದನೆಯ ಸಂಖ್ಯೆ ಇದ್ದರೆ ಮುಟ್ಟಬೇಡಿ. ಅದು ಆ ಡಿಸ್ಕ್ ಭಾಗದ್ದೇ ಗುರುತಿನ ಸಂಖ್ಯೆ. ಅದರ ಬದಲು ‘/ಡೆವ್/ಎಸ್‌ಡಿಎ2’ ಅಂತಿದ್ದರೆ ಸ್ವಲ್ಪ ಎಚ್ಚರ. ಎಸ್‌ಡಿಎ ಅಂದರೆ ಮೊದಲು ಕಂಡ ಡಿಸ್ಕ್ ಅಂತ ಅಷ್ಟೇ. ಹಾಡು ಕೇಳೋಕೆ ಇನ್ನೊಂದು ಪೆನ್‌ಡ್ರೈವ್ ಸಿಕ್ಕಿಸಿ, ಅದು ಮೊದಲು ಕಣ್ಣಿಗೆ ಬಿದ್ದರೆ ಅದೇ ಎಸ್‌ಡಿಎ ಆಗಿಬಿಡುತ್ತೆ.

ಅಕ್ಷರ ತಪ್ಪಿದರೆ ಕರ್ನಲ್ ಬೈಯಲ್ಲ, ನಿಲ್ಲೋದೂ ಇಲ್ಲ. ತನಗೆ ಗೊತ್ತಿಲ್ಲದ ಪದವನ್ನು ತನ್ನ ನಂತರ ಶುರುವಾಗುವ ಮೊದಲ ಪ್ರೋಗ್ರಾಮಿಗೆ ದಾಟಿಸಿ ಸುಮ್ಮನಾಗುತ್ತೆ. ಈಚಿನ ಕರ್ನಲ್‌ಗಳು ‘ಡಿಮೆಸೇಜ್’ ಲಾಗಿನಲ್ಲಿ ಒಂದು ಸಾಲು ಬರೆದಿಡುತ್ತವೆ, ಅಷ್ಟೇ. ನೀವು ಹಾಕಿದ್ದೀನಿ ಅಂದ್ಕೊಂಡಿರ್ತೀರಿ, ಅದು ಇರೋದೇ ಇಲ್ಲ. ಆದ್ದರಿಂದ ಬೂಟ್ ಆದ ಮೇಲೆ ‘/ಪ್ರಾಕ್/ಸಿಎಂಡಿಲೈನ್’ ಅನ್ನೋ ಫೈಲನ್ನು ‘ಕ್ಯಾಟ್’ ಆದೇಶ ಕೊಟ್ಟು ಓದಿ. ಫೋನಿನಲ್ಲಿ ಟರ್ಮಕ್ಸ್ ಹಾಕಿಕೊಂಡು ಎಸ್‌ಎಸ್‌ಹೆಚ್ ಮೂಲಕ ಒಳಗೆ ಹೋಗಬಹುದು. ಕರ್ನಲ್ ಕೈಗೆ ನಿಜವಾಗಿ ಸಿಕ್ಕ ಚೀಟಿ ಇದು. ನೀವು ಬರೆದದ್ದಕ್ಕಿಂತ ಉದ್ದ ಇರುತ್ತೆ, ಫರ್ಮ್‌ವೇರ್ ತನ್ನ ಕಡೆಯಿಂದಲೂ ಪದ ಸೇರಿಸಿರುತ್ತೆ. ನಿಮ್ಮ ಪದ ಸರಿಯಾದ ಕಾಗುಣಿತದಲ್ಲಿ ಅದರಲ್ಲಿದೆಯಾ ಅಂತ ಮಾತ್ರ ನೋಡಿ.

ಬೇರೆ ಬೋರ್ಡ್ ಇರುವವರಿಗೆ: ಆರೆಂಜ್ ಪೈನಲ್ಲಿ ಆರ್ಮ್‌ಬಿಯನ್ ಇದ್ದರೆ, ಬೂಟ್ ಫೋಲ್ಡರಿನ ‘ಆರ್ಮ್‌ಬಿಯನ್‌ಎನ್ವ್’ ಫೈಲಿನಲ್ಲಿ ‘ಎಕ್ಸ್‌ಟ್ರಾಆರ್ಗ್ಸ್=’ ಅನ್ನೋ ಸಾಲಿಗೆ ಸೇರಿಸಿ. ಬೀಗಲ್‌ಬೋನ್ ಥರದವುಗಳಲ್ಲಿ ‘ಯು-ಬೂಟ್’ ಅನ್ನೋ ಬೂಟ್‌ಲೋಡರ್ ಇರುತ್ತೆ, ಸೀರಿಯಲ್ ಕೇಬಲ್ ಹಾಕಿ ಕರೆಂಟ್ ಕೊಟ್ಟ ಕೂಡಲೇ ಅದು ಹೇಳುವ ಕೀ ಒತ್ತಿದರೆ ಅದರ ಪ್ರಾಂಪ್ಟ್ ಸಿಗುತ್ತೆ. ‘ಪ್ರಿಂಟ್‌ಎನ್ವ್’ ಅಂದರೆ ಈಗಿರೋ ಚೀಟಿ ತೋರಿಸುತ್ತೆ, ‘ಸೆಟ್‌ಎನ್ವ್ ಬೂಟ್‌ಆರ್ಗ್ಸ್’ ಅಂದರೆ ಬದಲಾಗುತ್ತೆ, ‘ಸೇವ್‌ಎನ್ವ್’ ಅನ್ನದಿದ್ದರೆ ಮುಂದಿನ ಸಲ ಮರೆತುಹೋಗುತ್ತೆ. ಬಹಳ ಬೋರ್ಡುಗಳಲ್ಲಿ ಒಂದು ಸ್ಕ್ರಿಪ್ಟ್ ಬೂಟ್ ಆಗುವಾಗ ಆ ಸಾಲನ್ನು ಹೊಸದಾಗಿ ಕಟ್ಟುತ್ತೆ. ಅಂಥದ್ದರಲ್ಲಿ ನೀವು ಕೊಟ್ಟದ್ದು ಅಳಿಸಿಹೋಗುತ್ತೆ, ಸ್ಕ್ರಿಪ್ಟನ್ನೇ ತಿದ್ದಬೇಕು. ತೀರಾ ಅಪರೂಪಕ್ಕೆ ಕರ್ನಲನ್ನು ಕಟ್ಟುವಾಗಲೇ ಚೀಟಿಯನ್ನು ಒಳಗೆ ಸೇರಿಸಿ, ಹೊರಗಿನ ಮಾತು ಕೇಳಬೇಡ ಅಂತ ಮಾಡಿರ್ತಾರೆ. ಅಂಥ ಬಾಕ್ಸ್ ಕೊಂಡಿದ್ದರೆ ಕೊಟ್ಟವರನ್ನೇ ಹಿಡೀಬೇಕು.

ತಿದ್ದಿದ ಮೇಲೆ ಪರೀಕ್ಷೆ ಮಾಡುವಾಗ ರೀಬೂಟ್ ಆದೇಶ ನಂಬಬೇಡಿ. ಮೊದಲು ಬೋರ್ಡನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಹಸಿರು ದೀಪ ನಿಂತ ಮೇಲೆ ಮೇನ್ ಸ್ವಿಚ್ ತೆಗೆಯಿರಿ. ಹಬ್ಬಿಗೂ ಕರೆಂಟ್ ಹೋಗಬೇಕು. ಡಿಸ್ಕ್ ಪೂರ್ತಿ ನಿಲ್ಲಲಿ, ಹತ್ತು ನಿಮಿಷ ಬಿಡಿ, ಆಮೇಲೆ ಹಾಕಿ. ಹೀಗೆ ಮೂರು ಸಲ, ಒಂದು ಸಲವಾದರೂ ಸಂಜೆ ಹೊತ್ತು ಊರೆಲ್ಲ ದೀಪ ಹಾಕಿ ವೋಲ್ಟೇಜ್ ಇಳಿದಾಗ. ನನ್ನದು ಆವತ್ತಿನಿಂದ ಎರಡು ಮಳೆಗಾಲ ಕಳೆದಿದೆ, ಲೈನ್ ಹೋಗಿ ಬಂದದ್ದಕ್ಕೆ ಲೆಕ್ಕ ಇಲ್ಲ, ಒಂದು ಸಲವೂ ನಿಂತಿಲ್ಲ. ಆದರೂ ಫಾಗರ್ ಲೈನಿಗೆ ಸೊಲೆನಾಯ್ಡ್ ವಾಲ್ವ್ ಪಕ್ಕದಲ್ಲೇ ಕೈಯಲ್ಲಿ ತಿರುಗಿಸೋ ಒಂದು ಬೈಪಾಸ್ ವಾಲ್ವ್ ಹಾಕಿಸಿದ್ದೀನಿ. ಊರು ಬಿಡುವಾಗ ಅದು ಎಲ್ಲಿದೆ ಅಂತ ಅಮ್ಮನಿಗೆ ತೋರಿಸಿಯೇ ಹೋಗ್ತೀನಿ.